ನಲವತ್ತೊಂಬತ್ತು ಹದಿನಾರಾದ ನಾಡಿನಲ್ಲಿ ನಾವಿಬ್ಬರು

ಕ್ರಾಕುವ್: ಚಟ್ನಿಯ ವಿಚಾರಣೆ

ಪೋಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆ ಜನ ಮೊದಲು ಕೇಳುವುದು ಹಿಮ ಬಿದ್ದಿತ್ತೇನು ಎಂದು. ನಾವು ಹೋದ ನವೆಂಬರಿನಲ್ಲಿ ಹಿಮ ಬೀಳಲಿಲ್ಲ, ಬರೀ ಎಲುಬಿಗೆ ತಾಗುವ ಥಂಡಿ. ಎರಡನೆಯದಾಗಿ ಊಟಕ್ಕೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಅದರ ಕಥೆ ವಿಮಾನ ನಿಲ್ದಾಣದಿಂದಲೇ ಶುರುವಾಗುತ್ತದೆ.

ಕ್ರಾಕುವ್ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಚೀಲ ಬಿಚ್ಚಿಸಿ, ಕಟಕ ರೊಟ್ಟಿಯ ಕಟ್ಟನ್ನು ಬೆರಳಿನಿಂದ ಬಡಿದು ನೋಡಿದ. ಅದು ಹಲಗೆಯಂತೆ ಸಪ್ಪಳ ಮಾಡಿತು. ಆಮೇಲೆ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೂಗಿಗೆ ಹಿಡಿದ. ಎರಡು ಸೀನು ಸೀನಿ, ಕಣ್ಣೊರೆಸಿಕೊಂಡು, ಡಬ್ಬಿಯ ಮುಚ್ಚಳ ತಾನೇ ಗಟ್ಟಿಯಾಗಿ ಹಾಕಿ ನಮ್ಮನ್ನು ಬಿಟ್ಟುಬಿಟ್ಟ. ಗುರುಪಾದ ನನ್ನ ಕಿವಿಯಲ್ಲಿ, "ಮಾಮಾ, ಪಾಸ್‌ಪೋರ್ಟಿಗಿಂತ ಚಟ್ನಿ ಛಲೋ ಕೆಲಸಾ ಮಾಡ್ತು ನೋಡ್ರಿ" ಅಂದ.

ಗುರುಪಾದ ನನ್ನ ಹೆಂಡತಿ ಶಾಂತಾಳ ತಮ್ಮ. ನನ್ನದು ಬನಹಟ್ಟಿ, ಅವನದು ರಬಕವಿ. ಹೊರಗಿನವರಿಗೆ ಇದು ರಬಕವಿ-ಬನಹಟ್ಟಿ ಎಂಬ ಒಂದೇ ಊರು, ಒಂದೇ ನಗರಸಭೆ, ಎರಡು ಹೆಸರಿನ ನಡುವೆ ಒಂದು ಸಣ್ಣ ಗೆರೆ. ನಮಗೆ ಹಾಗಲ್ಲ. ಸಂಸ್ಥಾನಗಳ ಕಾಲದಲ್ಲಿ ಬನಹಟ್ಟಿ ಜಮಖಂಡಿಯವರ ಕೈಯಲ್ಲಿತ್ತು, ರಬಕವಿ ಸಾಂಗಲಿಯವರ ಕೈಯಲ್ಲಿ. ಆ ರಾಜರು ಹೋಗಿ ಎಷ್ಟೋ ಕಾಲವಾದ ಮೇಲೂ ನಮ್ಮಜ್ಜ ನನ್ನ ಅತ್ತೆಮನೆಯವರನ್ನು 'ಸಾಂಗಲಿ ಮಂದಿ' ಎಂದೇ ಕರೆಯುತ್ತಿದ್ದ. ಮದುವೆಯಲ್ಲಿ ಊಟದ ಪಂಕ್ತಿ ತಡವಾದರೂ ಅದಕ್ಕೆ ಸಾಂಗಲಿಯೇ ಕಾರಣ.

ನಾವಿಬ್ಬರೂ ನೇಕಾರರ ಮನೆಯವರು. ಬಹಳ ವರ್ಷಗಳಿಂದ ಪಾಲಿನಲ್ಲಿ ಪವರ್‌ಲೂಮ್ ನಡೆಸಿದ್ದೇವೆ. ಈಗ ಲಾಳಿಯಿಲ್ಲದ ಮಗ್ಗ ತರಬೇಕೆಂದು ಹೊರಟಿದ್ದೆವು. ಯುರೋಪಿನಲ್ಲಿ ಹಳೆಯದಾಗಿ ಗಿರಣಿಯಿಂದ ಹೊರಬಿದ್ದ ಮಗ್ಗ ನಮ್ಮ ಶೆಡ್ಡಿಗೆ ಹೊಸದೇ. ಎಲ್ಲ ಸರಿಯಿತ್ತು, ಒಂದು ಮಾತ್ರ ತೀರ್ಮಾನವಾಗಿರಲಿಲ್ಲ. ಆ ಮಗ್ಗಗಳು ನಿಲ್ಲುವುದು ಬನಹಟ್ಟಿಯ ನನ್ನ ಶೆಡ್ಡಿನಲ್ಲೋ, ರಬಕವಿಯ ಅವನ ಶೆಡ್ಡಿನಲ್ಲೋ?

ಬೇರೆ ಕಾಲವಾಗಿದ್ದರೆ ಇದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಮಾತು. ಆದರೆ ಅದೇ ಹೊತ್ತಿಗೆ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಜೋಡಿ ಊರಿನ ಹೆಸರು ಬಂದಿತ್ತು. ಹೆಸರು ಬರುವವರೆಗೆ ಎರಡೂ ಊರಿನವರು ಒಂದೇ ಧ್ವನಿಯಲ್ಲಿ ಆಗಿನ ನಮ್ಮ ತಾಲ್ಲೂಕು ಕೇಂದ್ರ ಜಮಖಂಡಿಗೆ ಹೋಗಿ ಕೂಗಿದೆವು. ಹೆಸರು ಬಂದ ಮೇಲೆ ತಹಸೀಲ್ದಾರರ ಕಚೇರಿ ಯಾವ ಕಡೆ ಆಗಬೇಕೆಂದು ಒಬ್ಬರ ಮೇಲೊಬ್ಬರು ಕೂಗತೊಡಗಿದೆವು. ನಾನು ಬನಹಟ್ಟಿಯ ಹಿರಿಯರ ಜೊತೆ ಕೂತೆ, ಅವನು ರಬಕವಿಯ ಹಿರಿಯರ ಜೊತೆ. ಹೊಸ ಮಗ್ಗ ನಮ್ಮೂರಿಗೇ ಬರುತ್ತವೆ ಎಂದು ಇಬ್ಬರೂ ಅವರವರ ಸಭೆಯಲ್ಲಿ ಮಾತು ಕೊಟ್ಟಿದ್ದೆವು.

ಹೊರಡುವ ದಿನ ಶಾಂತಾ ಚೀಲಕ್ಕೆ ರೊಟ್ಟಿ ತುಂಬುತ್ತ, ಇಬ್ಬರಿಗೂ ಕೇಳುವಂತೆ ಹೇಳಿದಳು: "ಮಗ್ಗಾ ತರ್ರಿ, ಬಿಡ್ರಿ. ಅದು ನಿಮ್ಗ ಬಿಟ್ಟಿದ್ದು. ನನ್ನ ತವರಮನಿ ಬಾಗ್ಲಾ ಮಾತ್ರ ಮುಚ್ಚಿಸಿ ಬರಬ್ಯಾಡ್ರಿ."

ಬಿಯೆಲ್ಸ್ಕೊ: ಮೆಲ್ಲಗೆ ಮಾತಾಡುವ ಊರು

ನಾವು ಉಳಿದುಕೊಂಡ ಊರಿನ ಹೆಸರು ಬಿಯೆಲ್ಸ್ಕೊ-ಬಿಯಾವಾ. ಇಲ್ಲೂ ಎರಡು ಹೆಸರು, ನಡುವೆ ಒಂದು ಗೆರೆ. ಒಂದು ಕಾಲಕ್ಕೆ ಉಣ್ಣೆ ಬಟ್ಟೆಗೆ ಹೆಸರಾದ ನೇಕಾರರ ಊರು. ನಕ್ಷೆಯಲ್ಲಿ ಇದನ್ನು ಕಂಡಾಗಲೇ ಗುರುಪಾದ, "ಮಾಮಾ, ಇದು ನಮ್ಮ ಬೀಗರ ಊರಾಗಿರಬೇಕು" ಎಂದು ನಕ್ಕಿದ್ದ.

ನಮ್ಮ ಮನೆಯೊಡತಿ ಹಲೀನಾ, ಅರವತ್ತು ದಾಟಿದ ಹೆಂಗಸು. ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ, ಇಂಗ್ಲಿಷ್ ಬಲ್ಲದ್ದರಿಂದ ವ್ಯಾಪಾರಸ್ಥರಿಗೆ ದುಭಾಷಿಯಾಗಿಯೂ ಹೋಗುತ್ತಾಳೆ. ಬಾಗಿಲಲ್ಲಿ ನಾವು ಬೂಟು ಬಿಚ್ಚಿದ್ದನ್ನು ನೋಡಿ ಆಕೆಗೆ ಸಂತೋಷ. ಅಲ್ಲಿಯೂ ಮನೆಯೊಳಗೆ ಬೂಟು ಹಾಕುವುದಿಲ್ಲ. ಆದರೆ ಬರಿಗಾಲಲ್ಲಿಯೂ ಬಿಡುವುದಿಲ್ಲ. ಬಂದವರಿಗೆಂದೇ ಬಾಗಿಲ ಬಳಿ ಮೆತ್ತನೆಯ ಚಪ್ಪಲಿಗಳ ರಾಶಿ ಇರುತ್ತದೆ. ಗುರುಪಾದನಿಗೆ ಸಿಕ್ಕಿದ್ದು ಗುಲಾಬಿ ಬಣ್ಣದ್ದು, ಮೇಲೆ ಮೊಲದ ಕಿವಿ. ಆ ಮನುಷ್ಯ ಅದನ್ನು ಮೆಟ್ಟಿಕೊಂಡೇ ಗಂಭೀರವಾಗಿ ಹತ್ತಿ ನೂಲಿನ ದರ ಮಾತಾಡಿದ.

ಮೊದಲ ಸಂಜೆಯೇ ಎಡವಟ್ಟಾಯಿತು. ನಾವು ಕೋಣೆಯಲ್ಲಿ ಮಾತಾಡುತ್ತಿದ್ದಾಗ ಕೆಳಗಿನ ಮನೆಯ ಮುದುಕ ಮೇಲೆ ಬಂದು ಬಾಗಿಲು ತಟ್ಟಿದ. ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು. ಇಬ್ಬರು ವಿದೇಶಿಯರು ಹೊಡೆದಾಡುತ್ತಿದ್ದಾರೆ, ಪೊಲೀಸರನ್ನು ಕರೆಯಲೇ ಎಂದು ಹಲೀನಾಳನ್ನು ಕೇಳಿದನಂತೆ. ನಾವು ಆಗ ಮಾತಾಡುತ್ತಿದ್ದದ್ದು ನಾಳೆ ಬೆಳಿಗ್ಗೆ ಸ್ನಾನಕ್ಕೆ ಯಾರು ಮೊದಲು ಹೋಗಬೇಕು ಎಂದು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದ ಮೇಲೆ ಧ್ವನಿ ಎತ್ತಿ ಮಾತಾಡಿದವರು ನಾವು. ನಮ್ಮೂರಲ್ಲಿ ಪ್ರೀತಿಯ ಮಾತೂ ಬೀದಿಯ ಆ ತುದಿಗೆ ಕೇಳುತ್ತದೆ. ಪೋಲಿಷ್ ಜನ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕೊನೆಗೆ ಜಗಳದಲ್ಲೂ ಮೆಲ್ಲಗೆ ಮಾತಾಡುತ್ತಾರೆ.

ಹಲೀನಾ ಮುದುಕನಿಗೆ ಏನೋ ಹೇಳಿ ಕಳಿಸಿ, ನಮ್ಮ ಕಡೆ ತಿರುಗಿದಳು. "ನೀವು ಹೀಗೇ ಮಾತಾಡಿ. ನನ್ನ ಅಮ್ಮ ನೇಯ್ಗೆ ಗಿರಣಿಯಲ್ಲಿದ್ದಳು. ಅವಳು 'ಉಪ್ಪು ಕೊಡು' ಅಂದರೆ ಓಣಿಯವರೆಲ್ಲ ಉಪ್ಪು ತರಬೇಕು, ಹಾಗೆ ಹೇಳುತ್ತಿದ್ದಳು. ಎಷ್ಟು ವರ್ಷವಾಯಿತು ಈ ಮನೆಯಲ್ಲಿ ಆ ಧ್ವನಿ ಕೇಳಿ."

ಊಟಕ್ಕೆ ಆಲೂಗಡ್ಡೆ ಮತ್ತು ಗಿಣ್ಣು ತುಂಬಿದ ಕಡುಬು ಮಾಡಿದ್ದಳು. ಮಾಂಸವಿಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆವು. ತಟ್ಟೆ ಬಂದಾಗ ಕಡುಬಿನ ಮೇಲೆ ಕರಿದ ಸಣ್ಣ ಚೂರುಗಳು ಹೊಳೆಯುತ್ತಿದ್ದವು. ಹುರಿದ ಈರುಳ್ಳಿ ಎಂದು ಚಮಚ ಎತ್ತಿದ್ದೆ, ಅಷ್ಟರಲ್ಲಿ ಹಲೀನಾ, "ಅದು ಮಾಂಸವಲ್ಲ, ಸ್ವಲ್ಪ ಹಂದಿಯ ಕೊಬ್ಬು ಅಷ್ಟೆ" ಎಂದಳು. ಆ ಕಡುಬು ಕೆಳಗಿನ ಮನೆಯ ಮುದುಕನಿಗೆ ಹೋಯಿತು, ಅವನ ಸಿಟ್ಟೂ ಇಳಿಯಿತು. ನಾವು ರೊಟ್ಟಿ ಚಟ್ನಿ ತಿಂದೆವು. ಹಲೀನಾ ಒಂದು ತುಣುಕು ರೊಟ್ಟಿಯನ್ನು ಹಾಲಿಲ್ಲದ, ನಿಂಬೆ ಹೋಳು ತೇಲುವ ತನ್ನ ಚಹಾದಲ್ಲಿ ಅದ್ದಿ ತಿಂದು, ಚೆನ್ನಾಗಿದೆ ಎಂದಳು. ಅದನ್ನು ನಾನು ನಂಬಲಿಲ್ಲ.

ಬಿಯಾವಾ: ಹೊಳೆಯ ಆಚೆ

ಮರುದಿನ ಹಲೀನಾ ಊರು ತೋರಿಸಿದಳು. ಎರಡು ಊರಿನ ನಡುವೆ ಹರಿಯುವ ಹೊಳೆ ನಮ್ಮ ಕಡೆಯ ಕಾಲುವೆಯಷ್ಟೇ ಇದೆ. ಈ ನೀರು ಶತಮಾನಗಳ ಕಾಲ ಗಡಿಯಾಗಿತ್ತು ಎಂದರೆ ನಂಬುವುದು ಕಷ್ಟ. ಈಚೆಯ ಬಿಯೆಲ್ಸ್ಕೊ ಸಿಲೇಸಿಯಾ ಎಂಬ ಪ್ರಾಂತಕ್ಕೆ ಸೇರಿತ್ತು, ಆಚೆಯ ಬಿಯಾವಾ ಕ್ರಾಕುವ್ ಕಡೆಯ ಸೀಮೆಗೆ. ಪೋಲೆಂಡನ್ನು ಮೂರು ಸಾಮ್ರಾಜ್ಯಗಳು ಹರಿದು ಹಂಚಿಕೊಂಡು ನಕ್ಷೆಯಿಂದಲೇ ಅಳಿಸಿಹಾಕಿದ ಕಾಲದಲ್ಲಿ ಎರಡೂ ಊರು ಒಬ್ಬನೇ ಚಕ್ರವರ್ತಿಯ ಕೈಗೆ ಬಂದವು. ಆದರೂ ಈಚೆಯ ಸಿಲೇಸಿಯಾ ಬೇರೆ, ಗಲೀಶಿಯಾ ಎನ್ನಿಸಿಕೊಂಡ ಆಚೆಯ ಸೀಮೆ ಬೇರೆ. ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆಯೇ ಎರಡನ್ನೂ ಸೇರಿಸಿ ಒಂದು ಊರು ಮಾಡಿದ್ದು. ಇದನ್ನು ಕೇಳಿ ಗುರುಪಾದ ಸೇತುವೆಯ ಮೇಲೆ ನಿಂತು ಆಚೆ ದಡ, ಈಚೆ ದಡ ಎರಡನ್ನೂ ನೋಡಿದ. "ಅಂದ್ರ ಇವ್ರೂ ಜಮಖಂಡಿ, ಸಾಂಗಲಿ ಮಂದೀನ" ಅಂದ.

ಆಚೆ ದಡದ ಸಣ್ಣ ಚಹಾದಂಗಡಿಯಲ್ಲಿ ಕೂತು ಹಲೀನಾ ನಮಗೆ ಪ್ರಾಂತಗಳ ಪಾಠ ಮಾಡಿದಳು. ಚೀಲದಲ್ಲಿ ಮನೆಯ ಮರದ ಅಕ್ರೋಟು ತಂದಿದ್ದಳು, ಅದನ್ನೇ ಮೇಜಿನ ಮೇಲೆ ಸುರಿದು, ಒಂದೊಂದು ಕಾಯಿ ಒಂದೊಂದು ಪ್ರಾಂತ ಎಂದು ಜೋಡಿಸಿದಳು. ಅವರ ಪ್ರಾಂತದ ಹೆಸರು ವೊಯೆವುದ್ಸ್‌ತ್ವೊ. ವೊಯೆವೊದ ಎಂದರೆ ಮೊದಲಿಗೆ ದಂಡು ನಡೆಸುವವನು. ಕಾಲ ಕಳೆದಂತೆ ಅವನ ಕೈಯ ಕತ್ತಿ ಹೋಗಿ ಲೇಖನಿ ಬಂತು, ನಮ್ಮ ದೇಸಾಯರಿಗೆ ಆದ ಹಾಗೆ. ಹಲೀನಾ ಚಿಕ್ಕವಳಿದ್ದಾಗ ದೊಡ್ಡ ಪ್ರಾಂತಗಳು ಹದಿನೇಳು ಇದ್ದವು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಸರಕಾರ ಅವನ್ನು ಒಡೆದು ನಲವತ್ತೊಂಬತ್ತು ಮಾಡಿತು. ನಮ್ಮ ತಾಲ್ಲೂಕಿನಂತಹ ನಡುವಿನ ಹಂತವನ್ನು ಪೂರಾ ತೆಗೆದೇ ಹಾಕಿತು.

"ತಾಲ್ಲೂಕಾನ ತಗದ್ರಾ?" ಎಂದು ಗುರುಪಾದ ಕೇಳಿದ. ತಾಲ್ಲೂಕಿಗಾಗಿ ನಾವು ಕೂಗಿದ ಕೂಗು ನೆನೆದು ಅವನಿಗೆ ಹೊಟ್ಟೆ ಉರಿದಿರಬೇಕು.

"ಮತ್ತೆ ತಂದರು, ಇಪ್ಪತ್ತಮೂರು ಇಪ್ಪತ್ನಾಲ್ಕು ವರ್ಷದ ಮೇಲೆ" ಎಂದು ಹಲೀನಾ ನಕ್ಕಳು. ಆ ನಲವತ್ತೊಂಬತ್ತು ಪ್ರಾಂತಗಳಲ್ಲಿ ಒಂದಕ್ಕೆ ಈ ಜೋಡಿ ಊರೇ ರಾಜಧಾನಿಯಾಗಿತ್ತು. ಹಲೀನಾ ಆ ಪ್ರಾಂತದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ತೊಂಬತ್ತರ ದಶಕದ ಕೊನೆಗೆ ಹೊಸ ಸರಕಾರ ನಲವತ್ತೊಂಬತ್ತು ಬಹಳವಾಯಿತು, ಹನ್ನೆರಡು ಸಾಕು ಎಂದಿತು. ಅಲ್ಲಲ್ಲಿ ಜನ ಬೀದಿಗಿಳಿದರು. ಕೆಲವರು ತಮ್ಮ ಪ್ರಾಂತ ಉಳಿಸಿಕೊಂಡರು. ಹಗ್ಗಜಗ್ಗಾಟ ಹದಿನಾರಕ್ಕೆ ನಿಂತಿತು. ಹಲೀನಾಳ ಪ್ರಾಂತ ಉಳಿಯಲಿಲ್ಲ. ಈ ಜೋಡಿ ಊರಿದ್ದ ಭಾಗ ಕಾತೊವಿತ್ಸೆ ರಾಜಧಾನಿಯಾದ ಪ್ರಾಂತಕ್ಕೆ ಹೋಯಿತು, ಇನ್ನೊಂದು ಭಾಗ ಕ್ರಾಕುವಿನ ಪ್ರಾಂತಕ್ಕೆ. ಮಾತು ಮುಗಿಯುವಷ್ಟರಲ್ಲಿ ಗುರುಪಾದ ಮೇಜಿನ ಮೇಲಿನ ಮೂರು ಪ್ರಾಂತ ಒಡೆದು ತಿಂದಿದ್ದ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉತ್ತರದ ಒಂದು ಪ್ರಾಂತದ ಕಥೆ. ಅಲ್ಲಿ ಎರಡು ಊರುಗಳ ಜಗಳ ಬಗೆಹರಿಯದೆ ಎರಡನ್ನೂ ರಾಜಧಾನಿ ಮಾಡಿದ್ದಾರೆ. ಸರಕಾರ ನೇಮಿಸಿದ ಅಧಿಕಾರಿ ಒಂದು ಊರಿನಲ್ಲಿ, ಜನ ಆರಿಸಿದ ಸಭೆ ಇನ್ನೊಂದರಲ್ಲಿ. "ಹಂಗಾದ್ರ ಮಗ್ಗಾ ರಬಕವ್ಯಾಗ ಇಡೂನು, ಅದರ ಬಟನ್ ಬನಹಟ್ಟ್ಯಾಗ ಇಡೂನ್ರಿ ಮಾಮಾ" ಅಂದ ಗುರುಪಾದ. ಅಲ್ಲಿಯವರೆಗೆ ನಗುತ್ತಲೇ ಇದ್ದೆವು.

ಕೆಡಿಸಿದ್ದು ನಾನೇ. ಹೊರಗೆ ಬಂದಾಗ ಎದುರಿಗೆ ಪೌರಭವನ ಕಂಡಿತು, ಗಡಿಯಾರದ ಗೋಪುರವಿರುವ ಭಾರಿ ಕಟ್ಟಡ. ಎರಡೂ ಊರಿನ ಆಡಳಿತ ಇಲ್ಲಿಂದಲೇ ನಡೆಯುತ್ತದೆ ಎಂದು ಹಲೀನಾ ಹೇಳಿದಳು. ನಾನು ಸುಮ್ಮನಿರಬಹುದಿತ್ತು.

"ನೋಡಲೇ ಗುರು, ಹೆಸರಿನಾಗ ಹಿಂದ ಇದ್ದ ಊರಿಗೆ ಕಚೇರಿ ಸಿಕ್ಕೈತಿ. ನ್ಯಾಯಾ ಅಂದ್ರ ಇದು. ನಿಮಗ ಹೆಸರು ಮೊದಲೈತಿ, ನಮಗ ಕಚೇರಿ ಬರ್ಲಿ" ಅಂದೆ.

"ಚೇಷ್ಟಿ ಮಾಡಾಕತ್ತೀರೋ, ಖರೇ ಹೇಳಾಕತ್ತೀರೋ?"

"ಖರೇನ. ಮಗ್ಗಾನೂ ಬನಹಟ್ಟಿಗೆ ಬರ್ಲಿ. ನಾ ಹಿರ್ಯಾರಿಗೆ ಮಾತು ಕೊಟ್ಟೇನಿ."

"ನಾನೂ ಕೊಟ್ಟೇನ್ರಿ. ನಿಮ್ಮ ಮಾತಿಗಷ್ಟ ತೂಕಾ ಐತೇನು?" ಅವನ ಧ್ವನಿ ತಗ್ಗಿತು. "ನಾಳಿ ಮಗ್ಗಾ ನೋಡೂನು. ಆಮ್ಯಾಲೆ ನಿಮ್ದ ನಿಮಗ, ನಮ್ದ ನಮಗ."

ಪಾಲು ಮುರಿಯುವ ಮಾತನ್ನು ಅವನು ಹಿಂದೆ ಯಾವತ್ತೂ ಆಡಿರಲಿಲ್ಲ. ಅದನ್ನು ಅಷ್ಟು ಮೆಲ್ಲಗೆ ಆಡಿದ್ದು ನನ್ನನ್ನು ಇನ್ನಷ್ಟು ಹೆದರಿಸಿತು. ಆ ಸಂಜೆ ನಾನು ಅವನಿಗೆ ಚಟ್ನಿ ಡಬ್ಬಿ ದೂಡಿದೆ, ಅವನು ತೆಗೆದುಕೊಂಡ, ಅಷ್ಟೆ.

ಬೆಳಿಗ್ಗೆ ಹಲೀನಾ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿ, "ಏನಾಯಿತು?" ಎಂದಳು. "ಕೆಳಗಿನವರು ಕೇಳುತ್ತಿದ್ದಾರೆ, ನಿಮ್ಮ ಅತಿಥಿಗಳು ಊರು ಬಿಟ್ಟು ಹೋದರೇ ಎಂದು."

ಆಂದ್ರಿಖುಫ್: ಸೇವಂತಿಗೆ

ಮಗ್ಗಗಳು ಇದ್ದದ್ದು ಆಂದ್ರಿಖುಫ್ ಎಂಬ ಸಣ್ಣ ಊರಿನ ಗೋದಾಮಿನಲ್ಲಿ. ಬಿಯೆಲ್ಸ್ಕೊದಿಂದ ಬಸ್ಸಿನಲ್ಲಿ ಬಹಳ ದೂರವಲ್ಲ. ಮಹಾಲಿಂಗಪುರದಿಂದ ಜಮಖಂಡಿಗೆ ಹೋದಷ್ಟು ಎನ್ನಿ. ಆದರೆ ನಡುವೆ ಈಗ ಪ್ರಾಂತದ ಗಡಿ ಇದೆ. ಕಲ್ಲಿಲ್ಲ, ಗೇಟಿಲ್ಲ. ಕಾರುಗಳ ನಂಬರ್ ಪ್ಲೇಟಿನ ಮೊದಲ ಅಕ್ಷರ ಬದಲಾಗುತ್ತದೆ. ನಮ್ಮ ಕಡೆ ಇಪ್ಪತ್ತೆಂಟು ವಿಜಾಪುರ, ಇಪ್ಪತ್ತೊಂಬತ್ತು ಬಾಗಲಕೋಟೆ ಎಂದು ಲಾರಿ ನೋಡಿ ಹೇಳುತ್ತೇವಲ್ಲ, ಹಾಗೆ. ಜಿಲ್ಲೆ ಒಡೆದ ಮೇಲೂ ಗುರುಪಾದನ ಅಪ್ಪ ತಾನು ಸಾಯುವವರೆಗೆ ವಿಳಾಸದಲ್ಲಿ 'ಜಿಲ್ಲಾ ವಿಜಾಪುರ' ಎಂದೇ ಬರೆಸಿದ. ಪತ್ರಗಳು ಹೇಗೋ ಬರುತ್ತಿದ್ದವು.

ಇದನ್ನು ಹೇಳಿದಾಗ ಹಲೀನಾ ನಗಲಿಲ್ಲ. "ನನ್ನ ಅಕ್ಕ ಆಂದ್ರಿಖುಫಿನಲ್ಲಿದ್ದಾಳೆ, ದನೂತಾ" ಎಂದಳು. "ಪ್ರಾಂತ ಒಡೆಯುವಾಗ ಅವಳು ಕ್ರಾಕುವಿಗೆ ಸೇರಬೇಕು ಎಂದು ಮನೆಮನೆಗೆ ಹೋಗಿ ಸಹಿ ಕೂಡಿಸಿದಳು. ನಾನು ಬಿಯೆಲ್ಸ್ಕೊದ ಕಚೇರಿಯಲ್ಲಿದ್ದೆ. ನನ್ನ ಕುರ್ಚಿಯನ್ನು ನನ್ನ ಅಕ್ಕನೇ ಎಳೆದಳು ಅನ್ನಿಸಿತು. ಅವಳು ಸಹಿ ಕೂಡಿಸದಿದ್ದರೂ ಆ ಕಚೇರಿ ಉಳಿಯುತ್ತಿರಲಿಲ್ಲ. ಆದರೆ ಆ ಸಿಟ್ಟಿನಲ್ಲಿ ಇಬ್ಬರೂ ಆಡಬಾರದ್ದನ್ನು ಆಡಿದೆವು." ಆಮೇಲೆ ಕಿಟಕಿಯ ಕಡೆ ತಿರುಗಿದಳು. "ಆಗಿನಿಂದ ಮಾತಿಲ್ಲ."

ಗೋದಾಮಿನಲ್ಲಿ ಮಗ್ಗಗಳು ಸಾಲಾಗಿ ನಿಂತಿದ್ದವು, ಎಣ್ಣೆ ಹಚ್ಚಿ ಒರೆಸಿದ್ದರು. ದಲ್ಲಾಳಿ ಒಂದನ್ನು ಚಾಲೂ ಮಾಡಿದ. ಗುರುಪಾದ ಕಬ್ಬಿಣದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಡುಕ ಸಮನಾಗಿದೆಯೇ ಎಂದು ನೋಡಿದ. ನಾನು ಬಗ್ಗಿ ನೇಯ್ದ ಬಟ್ಟೆಯ ಅಂಚು ನೋಡಿದೆ. ಇಬ್ಬರೂ ಒಟ್ಟಿಗೆ ತಲೆಯಾಡಿಸಿದೆವು. ಮಗ್ಗ ಖರೇ ಛಲೋ ಇದ್ದವು, ಬಿಟ್ಟು ಬರುವಂಥವಲ್ಲ. ಯಾವ ಊರಿಗೆ ಕಳಿಸಬೇಕು ಎಂದು ದಲ್ಲಾಳಿ ಕೇಳಿದ. ನಾನು ಗುರುಪಾದನನ್ನು ನೋಡಿದೆ, ಅವನು ನೆಲ ನೋಡಿದ. ಸಂಜೆಯೊಳಗೆ ಫೋನ್ ಮಾಡಿ ಹೇಳುತ್ತೇವೆ ಎಂದೆ. ಇಲ್ಲದಿದ್ದರೆ ಬೇರೆಯವರು ಕೇಳಿದ್ದಾರೆ ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ವಾಪಸು ಬಸ್ಸಿಗೆ ಹೊತ್ತಿತ್ತು. ನಡೆದು ಬರುವಾಗ ಒಂದು ಹಳೇ ಕಟ್ಟಡದ ಎದುರು ಹಲೀನಾಳ ಕಾಲು ತಾನಾಗಿಯೇ ನಿಧಾನವಾಯಿತು. ಎರಡನೇ ಮಹಡಿಯ ಕಿಟಕಿ ನೋಡಿ ಮತ್ತೆ ಬೇಗ ನಡೆದಳು. ಹಿಂದಿನ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಗುರುಪಾದ ಅಲ್ಲಿ ಬಾಯಿ ಬಿಟ್ಟ.

"ಮಾಮಾ, ಅದು ಅವರಕ್ಕನ ಮನಿ ಇರಬೇಕು."

"ಹೂಂ, ಹಂಗ ಕಾಣತೈತಿ."

"ಅಕ್ಕನ ಊರಿಗೆ ಬಂದು ಅಕ್ಕನ ಮನಿಗೆ ಹೋಗ್ದ ಹೊಳ್ಳಿ ಹೋಗೂದಂದ್ರ ಹೆಂಗ್ರಿ? ನಾವು ಜೋಡಿ ಇದ್ದು ಹಿಂಗ ಮಾಡಿದ್ರ ಪಾಪ ಸುತ್ಕೋತೈತಿ."

ನಾನು ಹಲೀನಾಗೆ ಹೇಳಿದೆ. ಅವಳು ಬೇಡ ಎಂದಳು. ನಮ್ಮ ಕಡೆ ಮೊದಲ ಸಲ ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದರ್ಥ. ಚಹಾ ಬೇಡ ಎಂದವನಿಗೆ ನಾವು ಕಪ್ಪು ತುಂಬಿಸಿಯೇ ಕೊಡುತ್ತೇವೆ. ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಹೇಳದೆ ಕೇಳದೆ ಯಾರ ಮನೆಗೂ ಹೋಗುವುದಿಲ್ಲ ಇಲ್ಲಿ ಎಂದಳು. ನಮ್ಮಲ್ಲಿ ಹೇಳಿ ಹೋಗುವುದು ಸರಕಾರಿ ಕಚೇರಿಗೆ ಮಾತ್ರ ಎಂದೆ. ಬೇಡ ಎನ್ನುತ್ತಲೇ ಅವಳು ಹೆಜ್ಜೆ ಮುಂದಿಡದೆ ಅಲ್ಲಿಯೇ ನಿಂತಿದ್ದಳು. ಅದನ್ನು ನಾನು ಗಮನಿಸಿದ್ದೆ.

ಅಷ್ಟರಲ್ಲಿ ಗುರುಪಾದ ಎದುರಿನ ಅಂಗಡಿಗೆ ಹೋಗಿ ಬಂದ. ಬರಿಗೈಯಲ್ಲಿ ಹೋಗಬಾರದೆಂದು ಎರಡು ಕುಂಡ ಹಳದಿ ಸೇವಂತಿಗೆ ತಂದಿದ್ದ, ಹೂ ತುಂಬಿ ತುಳುಕುವಂಥವು. "ಜೋಡಿ ಇರ್ಲಿ ಅಂತ ಎರಡು ತಂದೆ" ಅಂದ. ನಾವು ಮೆಟ್ಟಿಲು ಹತ್ತಿದೆವು, ಹಲೀನಾ ಹಿಂದೆ ಬಂದಳು. ಬಾಗಿಲ ಬಳಿ ಬಂದಾಗಲೇ ಅವಳು ಹೂವನ್ನು ಸರಿಯಾಗಿ ನೋಡಿದ್ದು. "ಅಯ್ಯೋ, ಇದಲ್ಲ" ಎಂದು ಕೈ ಚಾಚಿದಳು. ಗುರುಪಾದ ಅದಾಗಲೇ ಗಂಟೆ ಒತ್ತಿದ್ದ.

ಬಾಗಿಲು ತೆರೆದದ್ದು ಬಿಳಿಗೂದಲಿನ ಎತ್ತರದ ಹೆಂಗಸು. ಹೊಸ್ತಿಲಲ್ಲಿ ಕಂದು ಬಣ್ಣದ ಅಪರಿಚಿತನೊಬ್ಬ ಎರಡು ಕುಂಡ ಹಿಡಿದು ನಗುತ್ತಿದ್ದ. ಹಿಂದೆ ತಂಗಿ. ದನೂತಾಳ ಮುಖ ಬಿಳುಚಿತು. ಏನೋ ಕೇಳಿದಳು, ಹಲೀನಾ ಏನೋ ಹೇಳಿದಳು. ಆಮೇಲೆ ದನೂತಾ ಹೂವಿನ ಮೇಲೆ ಕಣ್ಣಿಟ್ಟು ಒಂದು ಮಾತು ಹೇಳಿದಳು, ಹಲೀನಾ ಒಂದು ಮಾತು ಹೇಳಿದಳು. ಆ ನಾಲ್ಕು ಮಾತುಗಳ ಅರ್ಥ ನಮಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ. ಇಲ್ಲಿಯೇ ಹೇಳಿಬಿಡುತ್ತೇನೆ.

"ಯಾರು ಹೋದರು?" ಎಂದು ದನೂತಾ ಕೇಳಿದ್ದಳು. ಆ ದೇಶದಲ್ಲಿ ಸೇವಂತಿಗೆ ಗೋರಿಗೆ ಇಡುವ ಹೂವು, ಜೋಡಿ ಸಂಖ್ಯೆ ಸಾವಿಗೆ. ನವೆಂಬರಿನ ಮೊದಲ ದಿನ, ನಮ್ಮ ಹಿರಿಯರ ಹಬ್ಬದ ಹಾಗೆ, ಎಲ್ಲರೂ ಗೋರಿಗಳಿಗೆ ಹೋಗಿ ಅದನ್ನಿಟ್ಟು ದೀಪ ಹಚ್ಚುತ್ತಾರೆ. ಅಂಗಡಿಯಲ್ಲಿ ಉಳಿದ ಕುಂಡಗಳನ್ನೇ ಗುರುಪಾದ ಮಂಗಳಕರವೆಂದು ತಂದಿದ್ದ. "ಯಾರೂ ಹೋಗಿಲ್ಲ, ಇವರಿಗೆ ಗೊತ್ತಿಲ್ಲ" ಎಂದು ಹಲೀನಾ ಹೇಳಿದಳು. ಆಗ ದನೂತಾ, "ಈ ಸಲ ಅಮ್ಮನಿಗೆ ನೀನು ಇಟ್ಟದ್ದೂ ಹಳದಿಯೇ" ಎಂದಳು. "ನಿನ್ನದು ಬಿಳಿ" ಎಂದಳು ಹಲೀನಾ. ತಾಯಿಯ ಗೋರಿಗೆ ಅಕ್ಕ ಬೆಳಿಗ್ಗೆ ಬರುತ್ತಾಳೆ, ತಂಗಿ ಸಂಜೆ ಹೋಗುತ್ತಾಳೆ, ಎದುರಾಗಬಾರದೆಂದು. ಅಕ್ಕನ ಹೂವು ತಂಗಿಗೆ ಕಾಣುತ್ತದೆ. ಮರುದಿನ ದೀಪ ನೋಡುವ ನೆಪದಲ್ಲಿ ಅಕ್ಕ ಮತ್ತೆ ಬಂದು ತಂಗಿಯ ಹೂವು ನೋಡಿ ಹೋಗುತ್ತಿದ್ದಳಂತೆ.

ದನೂತಾ ನಮ್ಮನ್ನು ಒಳಗೆ ಕರೆದಳು. ಚಪ್ಪಲಿ ಕೊಟ್ಟಳು, ಚಹಾ ಇಟ್ಟಳು. ಅಕ್ಕತಂಗಿ ಒಬ್ಬರಿಗೊಬ್ಬರು ಏನೂ ಮಾತಾಡಲಿಲ್ಲ. ಆದರೆ ದನೂತಾಗೆ ಇಂಗ್ಲಿಷ್ ಬಾರದು. ನಮ್ಮನ್ನು ಏನು ಕೇಳಬೇಕಾದರೂ ತಂಗಿಗೆ ಹೇಳಲೇಬೇಕು. ನೀವು ಯಾರು, ಯಾಕೆ ಬಂದಿರಿ, ಇಷ್ಟು ದೂರ ಬಂದವರು ಮುಖ ಯಾಕೆ ಬಾಡಿಸಿಕೊಂಡಿದ್ದೀರಿ ಎಂದು ಕೇಳಿದಳು. ನಾನು ಎಲ್ಲ ಹೇಳಿದೆ. ತಾಲ್ಲೂಕು, ಕಚೇರಿ, ಎರಡು ಸಭೆ, ಎರಡು ಮಾತು, ಮಗ್ಗ. ಹಲೀನಾ ಒಂದೊಂದನ್ನೂ ತನ್ನ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. ಕಚೇರಿಯ ಮಾತು ಬಂದಾಗ ಅವಳ ಧ್ವನಿ ತಡೆಯಿತು.

ದನೂತಾ ಕಪ್ಪು ಕೆಳಗಿಟ್ಟು ಗುರುಪಾದನನ್ನು ನೋಡಿದಳು. "ನಿಮ್ಮ ಅಕ್ಕ ಯಾವ ಕಡೆ?"

ಗುರುಪಾದ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಅಕ್ಕಗ ಯಾರೂ ಕೇಳಿಲ್ರಿ" ಅಂದ.

ಅದನ್ನು ಹಲೀನಾಗೆ ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅಕ್ಕನಿಗೆ ಹೇಳಿದಳು. ದನೂತಾ ನಮಗಲ್ಲ, ತಂಗಿಗೇ ಹೇಳಿದಳು: "ನಾವೂ ಅಮ್ಮನನ್ನು ಕೇಳಲಿಲ್ಲ. ಅವಳಿಗೆ ಎರಡೂ ಕಡೆ ಒಬ್ಬೊಬ್ಬ ಮಗಳಿದ್ದಳು, ಅವಳು ಸಾಯುವಾಗಲೂ ಎದುರಾಗಬಾರದೆಂದು ಒಂದು ವಾರ ನಾನು, ಇನ್ನೊಂದು ವಾರ ನೀನು ಬಂದೆವು." ಹಲೀನಾ ಇದನ್ನು ನಮಗೆ ತಿರುಗಿಸಿ ಹೇಳುವಾಗ ಕಣ್ಣೊರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟಳು.

ಹೊರಡುವಾಗ ದನೂತಾ ಎರಡು ಕುಂಡಗಳಲ್ಲಿ ಒಂದನ್ನು ತೆಗೆದು ತಂಗಿಯ ಕೈಯಲ್ಲಿಟ್ಟಳು. ಬಾಗಿಲಲ್ಲಿ ನಿಂತು ಹೇಳಿದಳು, "ಮುಂದಿನ ಸಲ ಇವರನ್ನು ಕರೆದುಕೊಂಡು ಬರಬೇಡ. ಒಬ್ಬಳೇ ಬಾ."

ಬಸ್ ನಿಲ್ದಾಣ

ಹಲೀನಾ ಬೆಂಚಿನ ಮೇಲೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾವಿಬ್ಬರೂ ಸ್ವಲ್ಪ ದೂರ ನಿಂತೆವು. ನಾನು ಫೋನ್ ತೆಗೆದು ಶಾಂತಾಗೆ ಹಚ್ಚಿದೆ. ಅಲ್ಲಿ ಸಂಜೆ ಆಗಿತ್ತು, ಹಿಂದೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಗುರುಪಾದನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅಲ್ಲಿ ನಿಂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು, ತಿರುಗಲಿ ಅಂದುಕೊಂಡೆ.

"ಏನ್ರೀ, ಎಲ್ಲಾ ಬರೋಬ್ಬರಿ ಐತಿಲ್ಲೋ? ಗುರು ಎಲ್ಲದಾನ?"

"ಇಲ್ಲೇ ಅದಾನು. ನಿನಗೊಂದು ಕೇಳಬೇಕಾಗಿತ್ತು. ಮಗ್ಗಾ ಎಲ್ಲಿ ನಿಲ್ಸೂನು? ಬನಹಟ್ಟ್ಯಾಗೋ, ರಬಕವ್ಯಾಗೋ?"

ಆ ಕಡೆ ಮಗ್ಗದ ಸಪ್ಪಳ ಒಮ್ಮೆಲೆ ನಿಂತಿತು. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

"ನನ್ನ ಕೇಳಾಕತ್ತೀರೇನು?"

"ಹೂಂ, ನಿನ್ನ ಕೇಳಾಕತ್ತೇನಿ."

"ಪೋಲೆಂಡಿಗೆ ಹೋಗಿ ಕೇಳಬೇಕಾತೇನ್ರಿ ಇದನ್ನ? ರಬಕವ್ಯಾಗ ನಿಲ್ಸ್ರಿ. ನಮ್ಮ ಬನಹಟ್ಟಿ ಶೆಡ್ಡಿನ ತಗಡು ಸೋರತೈತಿ ಅಂತ ಮಳಿಗಾಲಕ್ಕೊಮ್ಮೆ ಬಡ್ಕೊಳ್ಳಾಕತ್ತೇನಿ, ಯಾರು ಕಿವ್ಯಾಗ ಹಾಕ್ಕೊಂಡ್ರಿ? ಆ ಛಲೋ ಮಗ್ಗಾ ತಂದು ನೀರಾಗ ನಿಲ್ಸವ್ರಿದ್ರೇನು ಇಬ್ರೂ? ಅಲ್ಲಿ ಇದ್ರ ನಾ ದಿನಾ ಹೋಗಿ ನೋಡಿ ಬರ್ತೀನಿ. ಹಾಸಿನ ನೂಲು ಸುತ್ತಿ ಬೀಮ್ ಕಟ್ಟೂದು ಗುರೂಗೂ ಬರೂದಿಲ್ಲ, ನಿಮಗೂ ಬರೂದಿಲ್ಲ."

ಗುರುಪಾದ ಮುಖ ಆಚೆ ತಿರುಗಿಸಿದ. ಭುಜ ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ನಾನು ಕೇಳಲಿಲ್ಲ. ದಲ್ಲಾಳಿಗೆ ಫೋನ್ ಮಾಡಿ ರಬಕವಿಯ ವಿಳಾಸ ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಲಿಲ್ಲ.

"ಮಾಮಾ, ಬನಹಟ್ಟಿ ಹಿರ್ಯಾರಿಗೆ ಏನಂತ ಹೇಳ್ತೀರಿ?"

"ಹೆಂಡ್ತಿನ್ನ ಕೇಳ್ದೆ ಅಂತ ಹೇಳ್ತೀನಿ."

"ನಗತಾರ್ರಿ."

"ನಗ್ಲಿ. ನಕ್ಕು ಮನಿಗೆ ಹೋಗಿ, ಅವರೂ ಒಮ್ಮೆ ಕೇಳಿ ನೋಡ್ಲಿ."